ಐಬಿಲ್ಲದ ಕಾರು

ವೃಷಭೇಂದ್ರಪ್ಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆದರೆ ಕಾರಿನ ವಿಷಯ ಬಂದರೆ ಬೇರೆ ಯಾರಿಗೂ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ಓಡಿಸಬೇಕಾದವಳು ಅವನ ಹೆಂಡತಿ ಸರ್ವಮಂಗಳ, ಮರಳವಾಡಿಯ ಆಸ್ಪತ್ರೆಯೊಂದರಲ್ಲಿ ನರ್ಸು. ದುಡ್ಡೂ ಅವಳದೇ. ಹೊಂಗನೂರಿನಿಂದ ಮೂರು ಬಸ್ಸು ಬದಲಾಯಿಸಿ ಹೋಗುವಷ್ಟರಲ್ಲಿ ಹಾಜರಿಗೆ ಬೆರಳು ಒತ್ತುವ ಹೊತ್ತು ಮೀರಿರುತ್ತಿತ್ತು. ಇನ್ನೊಂದು ದಿನ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಗುತ್ತಿಗೆಯ ಕೆಲಸ, ಹೋಗೆಂದರೆ ಹೋಗಬೇಕು.

ರಾಮನಗರದ ಮೆಕ್ಯಾನಿಕ್ ನಿಯಾಜ್ ಒಂದು ಹಳೇ ಕಾರು ತೋರಿಸಿದ. ರೇಷ್ಮೆಗೂಡಿನ ವ್ಯಾಪಾರಿಯೊಬ್ಬ ಆರು ವರ್ಷ ಓಡಿಸಿದ್ದು. ಸರ್ವಮಂಗಳ ಅದನ್ನು ಮಾಗಡಿ ರಸ್ತೆಯ ಏರಿನಲ್ಲಿ ಹತ್ತಿಸಿ ನೋಡಿದಳು. ಕಾರು ಗೊಣಗದೆ ಹತ್ತಿತು.

"ಇಂಜಿನ್ ಒಂದು ಸಲಾನೂ ಬಿಚ್ಚಿಲ್ಲ ಅಕ್ಕಾ. ಕಣ್ಮುಚ್ಕೊಂಡು ತಗೊಳ್ಳಿ," ಎಂದ ನಿಯಾಜ್.

ವೃಷಭೇಂದ್ರಪ್ಪ ಡಿಕ್ಕಿ ತೆಗೆದವನೇ ಮೂಗು ಮುಚ್ಚಿಕೊಂಡ. "ಥೂ, ಗೂಡಿನ ವಾಸ್ನೆ!"

ರೇಷ್ಮೆ ಸಾಕುವ ಹುಳುಮನೆಯಲ್ಲೇ ಹುಟ್ಟಿ ಬೆಳೆದ ಮಹಾನುಭಾವ! ಅಂಗಿಯ ತುಂಬ ಹಿಪ್ಪುನೇರಳೆ ಕರೆ ಮಾಡಿಕೊಂಡು, ಅದೇ ವಾಸನೆಯ ನಡುವೆ ಕೂತು ಮೂರು ಹೊತ್ತೂ ಮುದ್ದೆ ನುಂಗುವವನಿಗೆ ಇವತ್ತು ಮೂಗು ಬಂದಿತ್ತು. ಸರ್ವಮಂಗಳಳಿಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ.

ಅಲ್ಲಿಂದ ಅವನು ಅವಳನ್ನು ಹೊಸ ಕಾರಿನ ಅಂಗಡಿಗೆ ಎಳೆದುಕೊಂಡು ಹೋದ. ಇರುವುದರಲ್ಲೆಲ್ಲ ಅಗ್ಗದ ಕಾರು. ಒಳಗೆ ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಏರು ಬಂದಾಗ ಎಸಿ ನಿಲ್ಲಿಸಿದರೆ ಮಾತ್ರ ಹತ್ತುತ್ತಿತ್ತು, ಅದೂ ದಮ್ಮು ಹತ್ತಿದವರಂತೆ. ಆದರೆ ಅಂಗಡಿಯವನು "ಬನ್ನಿ ಯಜಮಾನ್ರೇ" ಎಂದು ಕಾಫಿ ಕೊಟ್ಟ. ಕಾರು ಕೊಳ್ಳುವವರಿಗೆ ರಟ್ಟಿನ ದೊಡ್ಡ ಬೀಗದ ಕೈ ಹಿಡಿಸಿ ಫೋಟೋ ತೆಗೆಯುತ್ತೇವೆಂದೂ ಹೇಳಿದ. ವೃಷಭೇಂದ್ರಪ್ಪ ಅಷ್ಟಕ್ಕೇ ಕರಗಿ ನೀರಾದ. ಇಂಥವನ ಕೈಗೆ ಒಂದು ಬಲೂನು ಕೊಟ್ಟಿದ್ದರೂ ಸಾಕಾಗಿತ್ತು.

ಮನೆಗೆ ಬಂದ ಮೇಲೆ ಅತ್ತೆ ಬಸಮ್ಮ ಮಗನ ಪಕ್ಷ ಹಿಡಿದರು. "ನಮ್ಮನೇಗೆ ಇನ್ನೊಬ್ರು ಬಳಸಿ ಬುಟ್ಟಿದ್ದು ಬರಕೂಡ್ದು ಕಣವ್ವ. ಊರೋರು ಏನಂದಾರು?"

"ಊರೋರು ನನ್ನ ಕೆಲ್ಸ ಉಳಿಸ್ಕೊಡ್ತಾರಾ ಅತ್ತೆ?"

"ಯಾರೋ ಬುಟ್ರು ಅಂದ್ಮೇಲೆ ಅದ್ರಲ್ಲಿ ಏನೋ ಐಬು ಇದ್ದೇ ಇರ್ತದೆ," ಎಂದ ವೃಷಭೇಂದ್ರಪ್ಪ, ಕಾಲ ಮೇಲೆ ಕಾಲು ಹಾಕಿಕೊಂಡು. "ಐಬಿಲ್ದೆ ಯಾರಾದ್ರೂ ಬುಟ್ಬುಡ್ತಾರೇನೇ?"

ಸರ್ವಮಂಗಳ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಏಳು ವರ್ಷ ಈ ಮನೆಯಲ್ಲಿ ಯಾರೂ ಎತ್ತದ ಮಾತು ಅವಳ ಬಾಯಿಗೆ ಬಂದೇಬಿಟ್ಟಿತು.

"ಹಂಗಾದ್ರೆ ನಿಮ್ಮ ಮೊದಲ್ನೇ ಹೆಂಡ್ತಿ ಎರಡೇ ವರ್ಸಕ್ಕೆ ನಿಮ್ಮನ್ನ ಬುಟ್ಟು ತವರಿಗೆ ಹೋದ್ಲಲ್ಲ, ನಿಮ್ದೇನ್ರೀ ಐಬು? ನಾನೇನೂ ಕೇಳ್ದೆ ಕಟ್ಕೊಳ್ನಿಲ್ವಾ?"

ಹಾಕಿಕೊಂಡಿದ್ದ ಕಾಲು ತಾನಾಗಿ ಕೆಳಗಿಳಿಯಿತು. ಬಸಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಅಂದದ್ದು ಅತಿಯಾಯಿತೆಂದು ಸರ್ವಮಂಗಳಳಿಗೂ ಅನ್ನಿಸಿತು. ಆದರೆ ಒಂದಿಷ್ಟೂ ಪಶ್ಚಾತ್ತಾಪವಾಗಲಿಲ್ಲ.

ವೃಷಭೇಂದ್ರಪ್ಪ ನೆಲ ನೋಡುತ್ತ ಗೊಣಗಿದ. "ಅವ್ಳು ಹೋಗಿದ್ದು ನನ್ನ ಐಬಿಂದಲ್ಲ."

"ಮತ್ಯಾರದು?"

ಅವನು ತಲೆಯೆತ್ತಿ ತಾಯಿಯ ಮುಖವನ್ನೇ ನೋಡಿದ, ಬಿಟ್ಟ ಕಣ್ಣು ಬಿಟ್ಟಂತೆ. ಬಸಮ್ಮನಿಗೆ ಇದ್ದಕ್ಕಿದ್ದಂತೆ ಹುಳುವಿಗೆ ಸೊಪ್ಪು ಹಾಕುವುದು ನೆನಪಾಗಿ, ಸರಸರನೆ ಎದ್ದು ಹುಳುಮನೆಗೆ ಹೋದರು.

"ಆ ನಿಯಾಜ್‌ಗೆ ಫೋನ್ ಮಾಡು," ಎಂದ ವೃಷಭೇಂದ್ರಪ್ಪ, ಇನ್ನೂ ಹುಳುಮನೆಯ ಬಾಗಿಲ ಕಡೆಗೇ ನೋಡುತ್ತ. "ಅವ್ವ ನಿನ್ನೂ ಓಡಿಸ್ಬುಡೋಕೆ ಮುಂಚೆ ತಗೊಂಬುಡಾನ."