ರೆಪ್ಪೆ ಎತ್ತಿದವನು ನಾನೇ

ನಾನು ಒಂದು ಮೈಟೊಕಾಂಡ್ರಿಯ. ಜೀವಕೋಶಕ್ಕೆ ಶಕ್ತಿ ಒದಗಿಸುವ ಕುಲುಮೆ. ಕಣ್ಣಿಗೆ ಕಾಣದಷ್ಟು ಸಣ್ಣವನೆಂದು ಮೂಗು ಮುರಿಯಬೇಡಿ. ಮನಸ್ಸು ಮಾಡಿದ್ದರೆ ಇಡೀ ಹುಬ್ಬಳ್ಳಿಗೆ ನಾನೊಬ್ಬನೇ ಕರೆಂಟು ಕೊಡುತ್ತಿದ್ದೆ. ಹುಟ್ಟಿದ್ದು ತಾಯಿಯ ಅಂಡದಲ್ಲಿ. ಆಮೇಲೆ ಸಿಕ್ಕ ಹುದ್ದೆ, ಬಸ್ ಕಂಡಕ್ಟರ್ ಇಂದುಮತಿ ಬಡಿಗೇರರ ಎಡಗಣ್ಣಿನ ರೆಪ್ಪೆ ಎತ್ತುವ ಸ್ನಾಯು. ನಲವತ್ತು ವರ್ಷ ಆ ರೆಪ್ಪೆಯನ್ನು ಗೋವರ್ಧನ ಗಿರಿಯಂತೆ ಎತ್ತಿ ಹಿಡಿದೆ. ನಾನೊಬ್ಬನೇ!

ತೊಂದರೆ ತಂದವರು ನೆರೆಯವರು. ನಮ್ಮ ಪ್ರತಿಯೊಬ್ಬರ ಹೊಟ್ಟೆಯಲ್ಲೂ ಸ್ವಂತ ಡಿಎನ್‌ಎ ಇರುತ್ತದೆ, ಕುಲುಮೆ ನಡೆಸುವ ಕೈಪಿಡಿ. ಕೆಲವರ ಕೈಪಿಡಿಯಲ್ಲಿ ಹಾಳೆಗಳೇ ಹರಿದುಹೋಗಿದ್ದವು. ಕೆಲಸ ಸೊನ್ನೆ, ಸಂತಾನ ಮಾತ್ರ ಸೀಮೆಜಾಲಿಯಂತೆ. ಕೆಟ್ಟವರಿಗೆ ಚೀಟಿ ಅಂಟಿಸಿ ಕರಗಿಸಲು ಕೋಶದಲ್ಲಿ ಕಾವಲುಗಾರರಿದ್ದಾರೆ. ಇದ್ದಾರೆ, ಹೆಸರಿಗೆ! ರಕ್ತದ ಕಡೆ ಪರವಾಗಿಲ್ಲ. ಅಲ್ಲಿ ದಿನಾ ಹೊಸ ಕೋಶಗಳು ಹುಟ್ಟುತ್ತವೆ, ಕೆಟ್ಟದ್ದನ್ನು ಹೊತ್ತವು ಹಿಂದೆ ಬಿದ್ದು ಸಾಯುತ್ತವೆ. ಸ್ನಾಯುವಿನಲ್ಲಿ ಆ ಸೋಸುವಿಕೆಯೇ ಇಲ್ಲ. ಒಮ್ಮೆ ಹೊಕ್ಕವನು ಖಾಯಂ.

ಶಕ್ತಿ ಸಾಲದೆ ರೆಪ್ಪೆ ಇಳಿಯಿತು. ಇಂದುಮತಿ ತಲೆ ಹಿಂದಕ್ಕೆ ವಾಲಿಸಿ ನೋಡತೊಡಗಿದರು. ಕೊನೆಗೆ ಟಿಕೆಟ್ಟಿನ ತುಂಡಿಗೆ ಅಂಟು ಸವರಿ ರೆಪ್ಪೆಯನ್ನು ಹುಬ್ಬಿಗೆ ಅಂಟಿಸಿಕೊಂಡರು.

“ಕಂಡಕ್ಟರಕ್ಕಾ, ಕಣ್ಣಿಗೂ ಟಿಕೆಟ್ ಹರದೀರೇನ್ರಿ?” ಎಂದ ಪ್ರಯಾಣಿಕನೊಬ್ಬ.

“ಹೂಂನಪಾ, ನಿನ್ನ ಮಾರಿ ನೋಡಾಕ ಫುಲ್ ಚಾರ್ಜ್!”

ಡಿಪೋ ಸಾಹೇಬರು ನಗಲಿಲ್ಲ. “ಡ್ಯೂಟಿ ಮ್ಯಾಲೆ ನಿದ್ದಿ ಮಾಡ್ತೀರಂತ ಮೂರು ದೂರು ಬಂದಾವ್ರಿ. ಹದಿನೈದು ದಿನದಾಗ ರೋಗ ಐತಂತ ಕಾಗದ ತರ್ರಿ, ಇಲ್ಲಾ ಮನೀಗೆ ನಡೀರಿ.”

ಆಸ್ಪತ್ರೆಯೊಂದರಲ್ಲಿ ರಕ್ತ ತೆಗೆದು, ಅದರ ಡಿಎನ್‌ಎ ನೋಡಿ, ದೋಷವಿಲ್ಲವೆಂದು ಬರೆದರು. ಅಯ್ಯೋ ನನ್ನ ಕರ್ಮವೇ! ಕಳ್ಳ ಅಡುಗೆಮನೆಯಲ್ಲಿ, ಹುಡುಕಾಟ ಹಿತ್ತಲಲ್ಲಿ! ಗಂಟಲು ಹರಿಯುವಂತೆ ಕೂಗಿದೆ, ಕೇಳುವವರಾರು?

ಕೊನೆಗೆ ಕಣ್ಣಿನ ಡಾಕ್ಟರ್ ಶಹನಾಜ್ ರೆಪ್ಪೆ ಎತ್ತಿ ಹೊಲಿಯುವಾಗ ಸ್ನಾಯುವಿನ ಚೂರೊಂದನ್ನು ಕತ್ತರಿಸಿ ಗಾಜಿನ ಪಟ್ಟಿಯ ಮೇಲಿಟ್ಟರು. ಆ ಚೂರಿನಲ್ಲೇ ನಾನು. ಬಣ್ಣ ಹಾಕಿದರು: ದುಡಿಯುವವರು ಕಂದು, ದುಡಿಯದವರು ನೀಲಿ. ಎದೆ ಉಬ್ಬಿಸಿ ನಿಂತೆ.

ನೀಲಿಯಾದೆ.

ನಾನೇ! ಪಕ್ಕದವರ ದುಡಿಮೆಯಲ್ಲಿ ಪಾಲು ಪಡೆದು ಬೀಗಿದವನು. ಹರಿದ ಹಾಳೆ ನನ್ನ ಹೊಟ್ಟೆಯಲ್ಲೂ ಇತ್ತು.

“ಈ ನೀಲಿ ಕಾಣಸ್ತೈತೇನ್ರಿ? ಇದ ನಿಮ್ಮ ಸಾಕ್ಷಿ,” ಎಂದರು ಡಾಕ್ಟರ್. “ನೀವು ನಿದ್ದಿ ಮಾಡಿಲ್ಲಂತ ಡಿಪೋಕ್ಕ ಕಾಗದ ನಾ ಬರೀತೀನಿ.”

ಇಂದುಮತಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನನ್ನನ್ನು ದಿಟ್ಟಿಸಿದರು. “ಏನ್ ಚಂದ ಐತ್ರೀ ಖೋಡಿ!” ಎಂದು ಮುದ್ದಾಗಿ ಬೈದರು.

ಈಗ ಅವರು ಮತ್ತೆ ಬಸ್ಸಿನಲ್ಲಿದ್ದಾರೆ. ನಾನು ಆಸ್ಪತ್ರೆಯ ಕಪಾಟಿನಲ್ಲಿ, ಎರಡು ಗಾಜುಗಳ ನಡುವೆ ಒಣಗಿದ್ದೇನೆ. ನಲವತ್ತು ವರ್ಷ ಎತ್ತಿದೆನೆಂದದ್ದು ಸುಳ್ಳು. ಎತ್ತಿದ್ದು ಒಂದೇ ಸಲ, ಡಿಪೋ ಸಾಹೇಬರ ಮುಂದೆ ಇಂದುಮತಿಯವರ ತಲೆಯನ್ನು, ಅದೂ ಸತ್ತ ಮೇಲೆ. ಆದರೆ ಆ ಸಲ, ಆಣೆ ಮಾಡಿ ಹೇಳುತ್ತೇನೆ, ನಾನೊಬ್ಬನೇ.