ಅತ್ತೆಯ ದನಿಗೆ ಚಾರ್ಜ್

ಅತ್ತೆಯ ಬಾಯಿ ಮುಚ್ಚಿಸಲು ದಾರಿ ಹುಡುಕುವ ಸೊಸೆಯರೇ ತುಂಬಿದ ಲೋಕದಲ್ಲಿ, ಮುಚ್ಚಿಹೋದ ಬಾಯಿ ತೆರೆಸಲು ತಂತಿ ಬೆಸೆಯುವ ಸೋಲ್ಡರಿಂಗ್ ಐರನ್ ಹಿಡಿದು ಕೂತವಳು ಇವಳೊಬ್ಬಳೇ ಇರಬೇಕು.

ಗಂಟಲಿನ ಆಪರೇಷನ್ನಿನಲ್ಲಿ ಅತ್ತೆಯ ದನಿ ಹೋಗಿತ್ತು. ದನಿ ಮಾತ್ರ, ಬೈಯುವ ಉತ್ಸಾಹ ಹೋಗಿರಲಿಲ್ಲ. ಅದಕ್ಕೆಂದೇ ಗಂಡ ಹೆಂಡತಿ ಸೇರಿ ಅಂಗೈಯಗಲದ ಕಂಪ್ಯೂಟರೊಂದನ್ನು ಕಟ್ಟಿದ್ದರು. ಅಕ್ಷರ ಒತ್ತಿದರೆ ಅದು ಮಾತಾಡಬೇಕು. ಬೋರ್ಡು, ತಂತಿ, ಬ್ಯಾಟರಿ ಸೊಸೆಯ ಪಾಲು; ಪ್ರೋಗ್ರಾಂ ಗಂಡನ ಪಾಲು. ದನಿಗೆ ಬೇರೆ ಯಾರೂ ಸಿಗದೆ ಸೊಸೆಯೇ ಗಂಟಲು ಒಣಗುವಷ್ಟು ಪದಗಳನ್ನು ಓದಿ ರೆಕಾರ್ಡ್ ಮಾಡಿಕೊಟ್ಟಿದ್ದಳು. ಅಂದರೆ ಇನ್ನು ಮುಂದೆ ಅವಳು ಬೈಸಿಕೊಳ್ಳುವುದು ತನ್ನದೇ ದನಿಯಲ್ಲಿ.

ಇವತ್ತು ಸಂಜೆ ನಾಲ್ಕಕ್ಕೆ ಕಟ್ಟಡದ ನಿವಾಸಿಗಳ ಸಂಘದ ಸಭೆ. ಇಷ್ಟು ವರ್ಷ ಗಂಟಲಿನ ಬಲದಿಂದಲೇ ಕಾರ್ಯದರ್ಶಿಯಾಗಿದ್ದ ಅತ್ತೆಯನ್ನು ಇಳಿಸಲು ಮೇಲಿನ ಮಹಡಿಯ ಮೀಸೆ ಹೊಂಚು ಹಾಕಿದ್ದರು. ಅವರಿಗೂ ಒಂದು ಹೆಸರಿತ್ತು, ಮೀಸೆಯ ಮುಂದೆ ಯಾರಿಗೂ ಅದು ನೆನಪಾಗುತ್ತಿರಲಿಲ್ಲ. ಅತ್ತೆ ಸ್ಲೇಟಿನಲ್ಲಿ ಬರೆದು ತೋರಿಸಿದರೆ ‘ಕನ್ನಡಕ ತಂದಿಲ್ಲ’ ಎನ್ನುವ ಆಸಾಮಿ. ಆ ಕುರ್ಚಿಯೂ ಕೈತಪ್ಪಿದರೆ ಅತ್ತೆ ಮೂಲೆ ಹಿಡಿಯುತ್ತಾರೆಂದು ಸೊಸೆಗೆ ಗೊತ್ತಿತ್ತು. ಈಗಾಗಲೇ ಸ್ಲೇಟಿನ ಮೇಲೆ ಬೈಗುಳಗಳು ದಿನೇ ದಿನೇ ಚಿಕ್ಕವಾಗುತ್ತಿದ್ದವು. ಅದನ್ನು ಕಂಡು ಅವಳಿಗೆ ನಿಜಕ್ಕೂ ಭಯವಾಗಿತ್ತು.

ಊಟ ಮುಗಿಯುವ ಹೊತ್ತಿಗೆ ನೋಡಿದರೆ ಯಂತ್ರ ತಣ್ಣಗೆ ಮಲಗಿದೆ. ನಿನ್ನೆಯೆಲ್ಲ ಗಂಡ ಪರೀಕ್ಷೆ ಮಾಡಿ ಮಾಡಿ ಬ್ಯಾಟರಿ ಹೀರಿಬಿಟ್ಟಿದ್ದ. ಚಾರ್ಜಿಗೆ ಹಾಕಿದರೆ ಕೆಂಪು ದೀಪ ಹತ್ತಲಿಲ್ಲ.

“ಹಾರ್ಡ್‌ವೇರ್ ಪ್ರಾಬ್ಲಮ್ಮು,” ಎಂದ ಗಂಡ, ಸೋಫಾದಿಂದ ಏಳದೆ. ಪ್ರೋಗ್ರಾಂ ಬರೆಯುವವರು ತೊಟ್ಟಿಲಲ್ಲೇ ಕಲಿಯುವ ಮಾತು ಅದು.

ಸೊಸೆ ಕೇಬಲ್ ಬದಲಿಸಿದಳು, ಚಾರ್ಜರ್ ಬದಲಿಸಿದಳು. ಮಲ್ಟಿಮೀಟರ್ ಹಿಡಿದು ನೋಡಿದರೆ ಬೋರ್ಡಿನವರೆಗೆ ಕರೆಂಟು ಸರಿಯಾಗೇ ಬರುತ್ತಿತ್ತು. ಬ್ಯಾಟರಿಯೂ ಕೆಟ್ಟಿರಲಿಲ್ಲ, ಹಸಿದಿತ್ತು ಅಷ್ಟೇ. ಬೆರಳು ಸುಟ್ಟುಕೊಂಡು ಚಾರ್ಜ್ ಮಾಡುವ ಚಿಪ್ಪನ್ನೇ ಕಿತ್ತು ಹೊಸದು ಕೂರಿಸಿದಳು. ಹೊಸದೂ ಹಳೆಯದರ ಹಾಗೆ ತೆಪ್ಪಗೆ ಕೂತಿತು.

ಅತ್ತೆ ಸ್ಲೇಟು ಎತ್ತಿ ಹಿಡಿದರು: ‘ಬೇಕಂತಲೇ?’

ಸೊಸೆಗೆ ಕಣ್ಣು ತುಂಬಿ ಬಂತು, ಸಿಟ್ಟೂ ಬಂತು. “ಬೇಕಂತಲೇ ಮಾಡೋಳಾಗಿದ್ರೆ ಅತ್ತೆ, ನಿಮ್ಮ ಆಪರೇಷನ್ ಆದ ದಿನಾನೇ ಸಿಹಿ ಹಂಚಿ ಸುಮ್ನೆ ಕೂತಿರ್ತಿದ್ದೆ!”

ಅತ್ತೆ ಅಂಗೈಯಿಂದ ಸ್ಲೇಟು ಒರೆಸಿಕೊಂಡರು.

ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದವಳಿಗೆ ಚಿಪ್ಪಿನ ಒಂದು ಕಾಲು ಕಾಣಿಸಿತು. ಆ ಕಾಲಿಗೆ ಕರೆಂಟು ಬಂದರಷ್ಟೇ ಚಾರ್ಜ್ ಶುರು. ಮೀಟರ್ ಇಟ್ಟರೆ ಸೊನ್ನೆ.

“ರೀ, ಈ ಕಾಲಿಗೆ ಅಪ್ಪಣೆ ಕೊಡೋದು ನಿಮ್ಮ ಪ್ರೋಗ್ರಾಂ ತಾನೆ? ಏನು ಬದಲಾಯಿಸಿದ್ರಿ?”

“ಏನಿಲ್ಲಪ್ಪ. ನಿನ್ನೆ ಒಂಚೂರು ಚೆಂದ ಮಾಡ್ದೆ. ಚಾರ್ಜರ್ ಚುಚ್ಚಿದ್ರೆ ಸ್ಕ್ರೀನ್ ಮೇಲೆ ‘ಅಮ್ಮಾ, ಚಾರ್ಜ್ ಮಾಡ್ಲಾ?’ ಅಂತ ಕೇಳುತ್ತೆ. ಅಮ್ಮ ‘ಹೂಂ’ ಒತ್ತಿದ್ರೆ ಶುರು.”

“ಬ್ಯಾಟರಿ ಖಾಲಿ ಆದಾಗ ಸ್ಕ್ರೀನೇ ಹತ್ತಲ್ಲ. ಹೇಗ್ರೀ ಕೇಳುತ್ತೆ?”

ಗಂಡ ಕೊನೆಗೂ ಸೋಫಾದಿಂದ ಎದ್ದ. “ಅಮ್ಮನ್ನ ಕೇಳದೆ ಈ ಮನೇಲಿ ಯಾವತ್ತಾದ್ರೂ ಏನಾದ್ರೂ ಆಗಿದ್ಯಾ?” ಎಂದ ಮೆಲ್ಲಗೆ.

ಅದೂ ನಿಜವೇ. ತಲೆ ನೆರೆಯಲು ಶುರುವಾದ ಈ ಗಂಡಸು ಇವತ್ತಿಗೂ ಕ್ಷೌರಕ್ಕೆ ಹೊರಡುವ ಮುಂಚೆ ಅಮ್ಮನ ಕೋಣೆಗೆ ಹೋಗಿ ನಿಲ್ಲುತ್ತಿದ್ದ. ಅವನು ಬರೆದ ಪ್ರೋಗ್ರಾಂ ಇನ್ನು ಹೇಗಿರುತ್ತದೆ? ಅತ್ತೆ ಮಗನನ್ನು ನೋಡಿದರು, ಯಂತ್ರವನ್ನು ನೋಡಿದರು.

ಪ್ರೋಗ್ರಾಂ ತಿದ್ದಲು ಹೊತ್ತಿರಲಿಲ್ಲ. ಸೊಸೆ ಕೂದಲೆಳೆಯಂಥ ತಂತಿಯೊಂದನ್ನು ಚಾರ್ಜರಿನ ಕಡೆಯಿಂದ ನೇರವಾಗಿ ಆ ಕಾಲಿಗೆ ಬೆಸೆದಳು. ಇನ್ನು ಯಾರನ್ನೂ ಕೇಳುವ ಹಂಗಿಲ್ಲ. ಕೆಂಪು ದೀಪ ಹತ್ತಿತು.

ಸಭೆಯಲ್ಲಿ ಮೀಸೆ ಎದ್ದು ಕೈಮುಗಿದರು. “ಪಾಪ, ಅಕ್ಕನಿಗೆ ವಿಶ್ರಾಂತಿ ಬೇಕು. ಆ ಭಾರ ನಾನು ಹೊರ್ತೀನಿ.”

ಅತ್ತೆಯ ಬೆರಳು ಯಂತ್ರದ ಮೇಲೆ ಓಡಿತು. “ಭಾರ ಆಮೇಲೆ ಹೊರುವಿರಂತೆ. ಮೊದ್ಲು ನಿಮ್ಮ ಬಚ್ಚಲಿನ ಪೈಪ್ ಸೋರೋದು ನಿಲ್ಸಿ.”

ಎಲ್ಲರೂ ಸೊಸೆಯ ಕಡೆ ತಿರುಗಿದರು. ಅವಳು ಗಾಬರಿಯಿಂದ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

“ಸೊಸೆ ಕೈಲಿ ಹೇಳಿಸೋದೆಲ್ಲ ನಡೆಯಲ್ಲ,” ಎಂದರು ಮೀಸೆ.

ಸೊಸೆಯ ಬಾಯಿ ಮುಚ್ಚಿಯೇ ಇತ್ತು. ಯಂತ್ರ ಮಾತಾಡಿತು: “ದನಿ ಅವಳದು. ಬೈತಿರೋದು ನಾನು.”

ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಅಷ್ಟರಲ್ಲಿ ಅರೆಬರೆ ಚಾರ್ಜು ಮುಗಿದು ಸ್ಕ್ರೀನ್ ಆರಿಹೋಯಿತು, ಆದರೆ ಕೆಲಸ ಆಗಿತ್ತು. ಕೈ ಎತ್ತಲು ಹೇಳಿದಾಗ ಮೀಸೆಯ ಪರವಾಗಿ ಎದ್ದದ್ದು ಅವರದೊಂದೇ ಕೈ.

ಮನೆಗೆ ಬಂದವಳೇ ಸೊಸೆ ಯಂತ್ರವನ್ನು ಚಾರ್ಜಿಗೆ ಚುಚ್ಚಿ ಕಾಲು ಚಾಚಿ ಕೂತಳು. ಸ್ಕ್ರೀನ್ ಬೆಳಗುವುದನ್ನೇ ಕಾಯುತ್ತಿದ್ದ ಅತ್ತೆ ಅದರ ಮುಂದೆ ಕೂತು ನಿಧಾನವಾಗಿ ಒತ್ತಿದರು.

“ನನ್ನನ್ನ ಕೇಳದೆ ಚಾರ್ಜಿಗೆ ಹಾಕಿದ್ದು ಯಾರು?”

ಗಂಡ ಸೂರು ನೋಡತೊಡಗಿದ. ಸೊಸೆಗೆ ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು.

“ನಾನೇ, ಅತ್ತೆ. ಇನ್ಮೇಲೂ ಕೇಳಲ್ಲ.”

ಅತ್ತೆ ಅವಳನ್ನೇ ನೋಡಿದರು. ಆಮೇಲೆ ಮತ್ತೆ ಒತ್ತಿದರು.

“ಬಾಯಿ ಜೋರಾಯ್ತು ನಿಂದು,” ಎಂದಿತು ಸೊಸೆಯ ದನಿ.