ಪುಟಾಣಿ ಅಂದ್ರ ತಿನ್ನೋದು

ಲಗ್ಗೆರೆಯ ಆ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿನವರ ಕೈಗೆ ಟ್ಯಾಬ್ ಬಂದದ್ದು ಅಂದೇ ಮೊದಲು. ಕನ್ನಡ ಪಾಠದ ರಾಗಿಣಿ ಮಿಸ್ ಬೆಂಚಿಗೊಂದರಂತೆ ಹಂಚಿ, "ಇವತ್ತು ಅರ್ಥ ನನ್ನ ಕೇಳೋ ಹಾಗಿಲ್ಲ. ಆನ್‌ಲೈನ್ ನಿಘಂಟಲ್ಲಿ ನೀವೇ ಹುಡುಕ್ಬೇಕು," ಎಂದರು. ಮನೆಯ ಅಡುಗೆಯ ಬಗ್ಗೆ ಬರೆದು ತಂದದ್ದನ್ನು ಒಬ್ಬೊಬ್ಬರೇ ಓದಬೇಕು. ತಿಳಿಯದ ಪದ ಬಂದರೆ ಉಳಿದವರು ಹುಡುಕಬೇಕು.

ಸುವರ್ಣಾ ಎದ್ದು ನಿಂತಳು. ಅಪ್ಪನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಅವರು ಗದಗ ಜಿಲ್ಲೆಯ ರೋಣದ ಕಡೆಯಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕ್ಲಾಸಿನಲ್ಲಿ ಅವಳು ಬಾಯಿ ಬಿಡುವುದೇ ಅಪರೂಪ. ಹಾಳೆಯಿಂದ ಕಣ್ಣೆತ್ತದೆ ಓದಿದಳು: "ನಮ್ಮವ್ವ ಪುಟಾಣಿಯನ್ನು ಕುಟ್ಟಿ ಚಟ್ನಿಪುಡಿ ಮಾಡುತ್ತಾಳೆ."

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು.

"ಪಾಪ, ಯಾರ ಮನೆ ಪುಟಾಣಿನೋ ಮಿಸ್," ಎಂದ ಮುಂದಿನ ಬೆಂಚಿನ ಜೀವನ್. ಮಿಸ್ಸಿಗೂ ನಗು ತಡೆಯಲಾಗಲಿಲ್ಲ.

ಸುವರ್ಣಾಳ ಕಿವಿ ಬಿಸಿಯಾಯಿತು. "ಅಲ್ರೀ ಮಿಸ್, ಪುಟಾಣಿ ಅಂದ್ರ ತಿನ್ನೋದು."

ನಗು ಇನ್ನಷ್ಟು ಜೋರಾಯಿತು. ಜೀವನ್ ಅಷ್ಟರಲ್ಲಿ ಹುಡುಕಿಯೂ ಆಗಿತ್ತು. "ಪುಟಾಣಿ ಅಂದ್ರೆ ಚಿಕ್ಕ ಮಗು. ಇಲ್ಲೇ ಇದೆ ನೋಡು ಕಣೇ."

ಹಾಗಾದರೆ ಅವ್ವ ಹೇಳುವುದು ತಪ್ಪೇ? ಊರಿಗೆ ಊರೇ ತಪ್ಪು ಹೇಳುತ್ತದೆಯೇ? ಸುವರ್ಣಾ ಸರಸರ ನಡೆದು ಹೋಗಿ, ಅವನ ಮುಂದಿದ್ದ ಟ್ಯಾಬನ್ನು ಎಳೆದುಕೊಂಡಳು. ಬೆರಳಿನಿಂದ ಪರದೆಯನ್ನು ಮೇಲೆ ಸರಿಸಿದಳು. ಪದದ ವಿವರ ಅಲ್ಲಿಗೇ ಮುಗಿದಿರಲಿಲ್ಲ. ಎರಡನೆಯ ಅರ್ಥ, ಸಣ್ಣದು. ಮೂರನೆಯದು ಕಂಡದ್ದೇ ಅವಳ ಬೆರಳು ನಿಂತಿತು.

"ಹುರಿಗಡಲೆ," ಎಂದು ಓದಿದಳು, ಕೊನೆಯ ಬೆಂಚಿಗೂ ಕೇಳುವಂತೆ.

"ಕಡ್ಲೆಪಪ್ಪಾ?" ಎಂದ ಜೀವನ್, ಟ್ಯಾಬಿಗೆ ಮೂಗು ತಾಗಿಸಿ.

ರಾಗಿಣಿ ಮಿಸ್ ಹತ್ತಿರ ಬಂದು ಓದಿದರು. "ಮೊದಲ್ನೇ ಅರ್ಥಕ್ಕೇ ನಿಂತುಬಿಟ್ಟಿದ್ವಿ ನೋಡ್ರೋ. ನಾನೂ ನಕ್ಕೆ. ಸಾರಿ ಕಣಮ್ಮ ಸುವರ್ಣಾ."

ಆಮೇಲೆ ಯಾರೂ ಬೆಂಚಿನಲ್ಲಿ ಕೂರಲಿಲ್ಲ. ಸುವರ್ಣಾಳ ಸುತ್ತ ಗುಂಪು ಕಟ್ಟಿತು. "ಇನ್ನೊಂದು ಹೇಳೇ, ಇನ್ನೊಂದು." ಅವಳು ಈರುಳ್ಳಿಗೆ ಉಳ್ಳಾಗಡ್ಡಿ ಎಂದಳು, ದುಬಾರಿಗೆ ತುಟ್ಟಿ ಎಂದಳು. ಒಂದು ನಿಘಂಟಿನಲ್ಲಿ ಇದ್ದದ್ದು ಇನ್ನೊಂದರಲ್ಲಿ ಇರಲಿಲ್ಲ. "ನಮ್ದ್ರಲ್ಲಿ ಸಿಕ್ತು," "ನಮ್ದ್ರಲ್ಲಿ ಇಲ್ಲ ಕಣ್ರೋ," ಎಂಬ ಕೂಗು ಕಾರಿಡಾರಿಗೂ ಕೇಳುತ್ತಿತ್ತು. ಇಷ್ಟು ದಿನ ಮುಚ್ಚಿಟ್ಟುಕೊಂಡಿದ್ದ ಮಾತುಗಳೆಲ್ಲ ಸುವರ್ಣಾಳ ನಾಲಿಗೆಯ ತುದಿಗೆ ನುಗ್ಗಿ ಬರುತ್ತಿದ್ದವು.

"ನಂದೂ ಒಂದು ಪ್ರಶ್ನೆ ಐತಿ," ಎಂದಳು. "ಕಡ್ಲಿ ಗೊತ್ತು. ಪಪ್ಪು ಅಂದ್ರೇನು?"

ಜೀವನ್ ಪಕ್ಕದ ಬೆಂಚಿನ ಟ್ಯಾಬಿಗೆ ಕೈ ಹಾಕಿದ. ಹುಡುಕಿದಾಗ ಅದು ತೆಲುಗಿನಲ್ಲಿ ಬೇಳೆ ಎಂದು ಸಿಕ್ಕಿತು. "ಹುಟ್ಟಿದಾಗಿಂದ ತಿಂತಾ ಇದೀನಿ, ಗೊತ್ತೇ ಇರ್ಲಿಲ್ಲ ಗುರು," ಎಂದ.

ಬೆಲ್ ಹೊಡೆದದ್ದು ಯಾರಿಗೂ ಕೇಳಿಸಿರಲಿಲ್ಲ. ಗಣಿತದ ಪಂಚಾಕ್ಷರಿ ಸರ್ ಬಾಗಿಲಲ್ಲಿ ನಿಂತಿದ್ದರು. ಪಾಠದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತನಾಡದ ಮನುಷ್ಯ. ಹುಡುಗರು ಚದುರಿ ಓಡಿದರು. ಸುವರ್ಣಾ ಮಾತ್ರ ಟ್ಯಾಬ್ ಹಿಡಿದು ನಡುವೆ ಸಿಕ್ಕಿಬಿದ್ದಳು. ಸರ್ ಅವಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು:

"ಅದರಾಗ ಚುನಮರಿ ಐತೇನು ನೋಡವಾ. ಇಲ್ಲಿ ಮಂದಿ ಕಡ್ಲೆಪುರಿ ಅಂತಾರಲ್ಲ, ಅದು."

ಸುವರ್ಣಾ ಬೆಪ್ಪಾಗಿ ಅವರ ಮುಖ ನೋಡಿದಳು. "ಸರ್, ನೀವೂ ನಮ್ಮ ಕಡೆಯವ್ರೇನ್ರಿ?"

"ಗದಗ," ಎಂದರು ಸರ್, ಸೀಮೆಸುಣ್ಣದ ಡಬ್ಬಿಯನ್ನು ಮೇಜಿನ ಮೇಲಿಡುತ್ತ. "ಹುಡುಕು, ಲಗೂನ ಹುಡುಕು."